ಓದುಗರ ಪ್ರಶ್ನೆ: ಪೋಸ್ಟಿಂಗ್ ಬಂತು, ಮನೆ–ಸಾಮಾನು ಎಂತ ಮಾಡುದು?

ನಮ್ಮವರು ಆರ್ಮಿ ಸರ್ವಿಸ್ ಕೋರ್‌ನಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಝಾನ್ಸಿ, ಜೋಧಪುರ, ಸಿಕಂದರಾಬಾದ್, ಅಸ್ಸಾಮಿನ ಮಿಸ್ಸಾಮಾರಿ ಎಂದು ಸಂಸಾರ ಕಟ್ಟಿಕೊಂಡು ತಿರುಗಿ ಈಗ ಕಾಪುವಿನಲ್ಲಿ ನೆಲೆ ನಿಂತಿದ್ದೇವೆ. ಸೈನಿಕರ ಮನೆಯವರು ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಸಂಪಾದಕರು ಎರಡು ಸಾಲು ಹಾಕಿದ್ದೇ ತಡ, ಪತ್ರಗಳ ಕಟ್ಟೇ ಬಂತು. ದುಡ್ಡಿನ ಲೆಕ್ಕ ಇರುವಲ್ಲೆಲ್ಲ ನಮ್ಮವರಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಬರೆದಿದ್ದೇನೆ. ಉಳಿದ ಅಭಿಪ್ರಾಯಗಳೆಲ್ಲ ನನ್ನವೇ. ಜಗಳ ಮಾಡುವುದಿದ್ದರೆ ನನ್ನ ಹತ್ತಿರ ಮಾಡಿ.

ಅಕ್ಕಾ, ನಮ್ಮ ಯಜಮಾನರು ಹವಾಲ್ದಾರ್. ಮಂಗಳೂರಿನ ಎನ್‌ಸಿಸಿಯಲ್ಲಿದ್ದರು, ಈಗ ಜೋಧಪುರಕ್ಕೆ ಪೋಸ್ಟಿಂಗ್ ಬಂದಿದೆ. ಜೂನ್ ಕೊನೆಗೆ ಅಲ್ಲಿ ರಿಪೋರ್ಟ್ ಮಾಡಬೇಕು. ನಮ್ಮದು ಬಾಡಿಗೆ ಮನೆ. ಮಗಳು ಪಣಂಬೂರು ಕೇಂದ್ರೀಯ ವಿದ್ಯಾಲಯದಲ್ಲಿ ಆರನೇ ಕ್ಲಾಸು, ಮಗ ಇನ್ನೂ ಸಣ್ಣವ. ಎಲ್ಲರೂ ಒಟ್ಟಿಗೇ ಹೋದರೆ ಒಂದೇ ಖರ್ಚಿನಲ್ಲಿ ಮುಗಿಯುತ್ತದೆ ಎಂದು ಇವರು ಹೇಳುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ.
— ಹೆಸರು ಬೇಡ, ಕಾವೂರು

ನಿಮ್ಮ ಹೆದರಿಕೆ ಸರಿಯಾಗಿಯೇ ಉಂಟು ಮಾರಾಯ್ತಿ. ಯಜಮಾನರು ಮೊದಲು ಹೋಗಲಿ. ಮನೆ ಯಾವುದು ಎಂದು ಗೊತ್ತಾಗುವವರೆಗೆ ಲಾರಿ ಕರೆಯಬೇಡಿ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೆ ನನ್ನ ಉತ್ತರ ಇದೇ.

ಜೋಧಪುರ ದೊಡ್ಡ ಮಿಲಿಟರಿ ಸ್ಟೇಷನ್. ಹಾಗೆಂದು ರಿಪೋರ್ಟ್ ಮಾಡಿದ ದಿನವೇ ಯಾರೂ ಕ್ವಾರ್ಟರ್ಸಿನ ಬೀಗದಕೈ ಕೈಗಿಡುವುದಿಲ್ಲ. ಅರ್ಜಿ ಯುನಿಟ್ಟಿನಿಂದ ಸ್ಟೇಷನ್ ಹೆಡ್‌ಕ್ವಾರ್ಟರ್ಸಿಗೆ ಹೋಗಬೇಕು, ಕಾಯುವ ಪಟ್ಟಿಗೆ ಹೆಸರು ಸೇರಬೇಕು, ಸರದಿ ಬಂದ ಮೇಲೆ ಖಾಲಿಯಾದ ಮನೆಗೆ ಎಂಇಎಸ್‌ನವರು (ಸೇನೆಯ ಕಟ್ಟಡ ನೋಡಿಕೊಳ್ಳುವ ವಿಭಾಗ) ಸುಣ್ಣಬಣ್ಣ, ನಲ್ಲಿ–ವೈರಿಂಗಿನ ರಿಪೇರಿ ಮಾಡಿ ಬಿಟ್ಟುಕೊಡಬೇಕು. ಅದಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಎನ್ನುವುದು ಆ ವರ್ಷ ಎಷ್ಟು ಜನ ಬಂದರು, ಎಷ್ಟು ಜನ ಹೋದರು ಎಂಬುದರ ಮೇಲೆ ನಿಂತಿದೆ. ಅಲ್ಲಿಯವರೆಗೆ ಮಕ್ಕಳನ್ನು ಗೆಸ್ಟ್ ರೂಮಿನಲ್ಲಿ ಹೇಗೋ ಇಟ್ಟುಕೊಳ್ಳಬಹುದು. ಕಪಾಟು, ಫ್ರಿಜ್ಜು, ಮಂಚಗಳನ್ನು ಎಲ್ಲಿಡುತ್ತೀರಿ? ಸಿಕ್ಕಿದ ಮನೆಗೆ ಕೇಳಿದ ಬಾಡಿಗೆ ಕೊಟ್ಟು ಒಮ್ಮೆ ಇಳಿಸಬೇಕು. ಕ್ವಾರ್ಟರ್ಸ್ ಸಿಕ್ಕಿದ ಮೇಲೆ ಊರೊಳಗೇ ಇನ್ನೊಮ್ಮೆ ಹತ್ತಿಸಿ ಇಳಿಸಬೇಕು. ಆ ಎರಡನೇ ಸಾಗಾಟದ ಖರ್ಚು ನಿಮ್ಮ ತಲೆ ಮೇಲೆಯೇ. ‘ಒಂದೇ ಖರ್ಚು’ ಅಲ್ಲಿಗೆ ಮುಗಿಯಿತು.

ಜೂನ್ ಕೊನೆ ಎನ್ನುವುದು ಇನ್ನೊಂದು ತಕರಾರು. ನಮ್ಮ ಕರಾವಳಿಯಲ್ಲಿ ಆ ಹೊತ್ತಿಗೆ ಗೋಡೆಯೂ ಬೆವರುತ್ತಿರುತ್ತದೆ. ಹಾಸಿಗೆ, ಬಟ್ಟೆ, ಪುಸ್ತಕಗಳಲ್ಲಿ ಇರುವ ತೇವವನ್ನು ನೀವೇ ಪ್ಲಾಸ್ಟಿಕ್ಕಿನೊಳಗೆ ಕಟ್ಟಿ ಕಳಿಸಿದ ಹಾಗಾಗುತ್ತದೆ. ಜೋಧಪುರದ ಬಿಸಿಲಲ್ಲಿ ಬಿಚ್ಚುವಾಗ ಬೂಸ್ಟು ಹಸಿರಾಗಿ ನಗುತ್ತದೆ. ಆಟಿಯ ಮಳೆ ತಿಂಗಳು ಕಳೆಯಲಿ. ಅದರ ಮುಂದಿನ ಸೋಣ ತಿಂಗಳಲ್ಲಿ ನಾಲ್ಕು ಬಿಸಿಲು ಬಿದ್ದಾಗ ಎಲ್ಲ ಒಣಗಿಸಿ ಕಟ್ಟಿದರೆ ಅರ್ಧ ಕೆಲಸ ಆದಂತೆ. ಅಷ್ಟರಲ್ಲಿ ಅಲ್ಲಿ ಮನೆಯ ಸುದ್ದಿಯೂ ಬಂದಿರುತ್ತದೆ. ಈಗಿನ ಮನೆಯ ಮಾಲೀಕರ ಹತ್ತಿರ ಇವತ್ತೇ ಮಾತಾಡಿ, ಎರಡು–ಮೂರು ತಿಂಗಳು ಹೆಚ್ಚು ಇರುವುದಕ್ಕೆ ಒಪ್ಪಿಸಿಡಿ. ಬಾಯಿಮಾತು ಸಾಲದು, ಒಂದು ಕಾಗದದಲ್ಲಿ ಇರಲಿ.

ಮಗಳ ವಿಷಯದಲ್ಲಿ ನೀವು ಅದೃಷ್ಟವಂತರು. ಕೇಂದ್ರೀಯ ವಿದ್ಯಾಲಯದ ಟಿ.ಸಿ. ಮತ್ತು ಯಜಮಾನರ ಪೋಸ್ಟಿಂಗ್ ಆರ್ಡರ್ ಇದ್ದರೆ ಇನ್ನೊಂದು ಕೇಂದ್ರೀಯ ವಿದ್ಯಾಲಯಕ್ಕೆ ಸೇರಿಸಲು ಕಷ್ಟವಿಲ್ಲ. ಸೇನೆ, ವಾಯುಪಡೆ ಎರಡೂ ಇರುವ ಜೋಧಪುರದಲ್ಲಿ ಆ ಶಾಲೆಗಳಿಗೆ ಕೊರತೆಯೂ ಇಲ್ಲ. ಆದರೆ ಟಿ.ಸಿ. ಅವಸರದಲ್ಲಿ ತೆಗೆಯಬೇಡಿ. ಹೊರಡುವ ದಿನ ಗೊತ್ತಾದ ಮೇಲೆ ತೆಗೆಯಿರಿ. ಅದುವರೆಗೆ ಹುಡುಗಿ ಇಲ್ಲೇ ಪಾಠ ಕೇಳಲಿ, ಪರೀಕ್ಷೆ ಬರೆಯಲಿ.

ಇನ್ನು ಪೆಟ್ಟಿಗೆಗಳು. ಮಿಲಿಟರಿಯ ಕಪ್ಪು ಟ್ರಂಕನ್ನು ಹಳೆಯದು ಎಂದು ಗುಜರಿಗೆ ಹಾಕಬೇಡಿ. ಅದಕ್ಕಿಂತ ಗಟ್ಟಿ ಪ್ಯಾಕಿಂಗ್ ಇನ್ನೊಂದಿಲ್ಲ. ಕೀಲುಗಳಿಗೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ, ಬಿಳಿ ಬಣ್ಣದಲ್ಲಿ ಯಜಮಾನರ ನಂಬರು, ರ‍್ಯಾಂಕು, ಹೆಸರು ಬರೆಸಿ. ಪ್ರತಿ ಪೆಟ್ಟಿಗೆಗೂ ಒಂದು ಅಂಕಿ ಕೊಡಿ. ಒಳಗೇನಿದೆ ಎಂಬ ಪಟ್ಟಿ ಮುಚ್ಚಳದ ಒಳಮೈಗೆ ಒಂದು, ನಿಮ್ಮ ನೋಟುಪುಸ್ತಕದಲ್ಲಿ ಒಂದು. ಹೊರಗಡೆ ಮಾತ್ರ ‘ಬೆಳ್ಳಿ ದೀಪ’ ಎಂದು ಬರೆಯಬೇಡಿ, ಹಾಗೆ ಬರೆದವರೂ ಉಂಟು. ಒಂದನೇ ನಂಬರಿನ ಪೆಟ್ಟಿಗೆ ಲಾರಿಗೆ ಕೊನೆಗೆ ಹತ್ತಬೇಕು, ಮೊದಲು ಇಳಿಯಬೇಕು. ಅದರಲ್ಲಿ ಸ್ಟವ್ವು, ಸಣ್ಣ ಕುಕ್ಕರ್, ಎರಡು ಸೇರು ಅಕ್ಕಿ, ಉಪ್ಪು, ಹುಳಿ, ಚಹಾಪುಡಿ, ಎರಡು ಬಲ್ಬು, ಸ್ಕ್ರೂಡ್ರೈವರ್, ಹಗ್ಗ, ಸೊಳ್ಳೆಪರದೆ, ಮಕ್ಕಳ ಒಂದು ಜೊತೆ ಬಟ್ಟೆ. ಫ್ರಿಜ್ಜನ್ನು ಮುನ್ನಾ ದಿನವೇ ಬಂದ್ ಮಾಡಿ, ಒರೆಸಿ, ಬಾಗಿಲು ತೆರೆದಿಟ್ಟು ಒಣಗಿಸಿ. ಅದರ ಹಳೆಯ ಮರದ ಪ್ಯಾಕಿಂಗ್ ಕೇಸ್ ಇದ್ದರಂತೂ ಯಾರು ಏನೇ ಹೇಳಲಿ ಎಸೆಯಬೇಡಿ. ಹೋದಲ್ಲಿ ಎರಡು ಕೇಸ್ ಜೋಡಿಸಿ ಮೇಲೊಂದು ಹಾಸಿಗೆ ಹಾಕಿದರೆ ದಿವಾನ್ ಆಗುತ್ತದೆ. ಮಿಲಿಟರಿ ಕಾಲನಿಗಳಲ್ಲಿ ಅರ್ಧ ಮನೆಗಳ ದಿವಾನ್ ಅದೇ.

ಗ್ಯಾಸ್ ಸಿಲಿಂಡರ್ ಲಾರಿಗೆ ಹತ್ತಿಸುವ ಹಾಗಿಲ್ಲ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ, ಡಿಪಾಸಿಟ್ ವಾಪಸು ತೆಗೆದುಕೊಂಡು, ಅವರು ಕೊಡುವ ವೋಚರನ್ನು ಜೋಪಾನವಾಗಿಡಿ. ಹೊಸ ಊರಿನಲ್ಲಿ ಅದನ್ನು ತೋರಿಸಿದರೆ ಸಂಪರ್ಕ ಸಿಗುತ್ತದೆ.

ನೀವು ಮಕ್ಕಳೊಂದಿಗೆ ಹೋಗುವಾಗ ಮರುಸಾಗರ್ ಎಕ್ಸ್‌ಪ್ರೆಸ್ ನೋಡಿಕೊಳ್ಳಿ. ಕೊಂಕಣ ರೈಲಿನ ದಾರಿಯಲ್ಲಿ ಅಜ್ಮೀರ್‌ವರೆಗೆ ನೇರ ಹೋಗುತ್ತದೆ, ಅಲ್ಲಿಂದ ಜೋಧಪುರ ದೂರವೇನಲ್ಲ.

ನನ್ನ ಮಗ ಸೇನೆಯಲ್ಲಿ ನಾಯಕ್. ಮಂಗಳೂರಿನಿಂದ ಸಿಕಂದರಾಬಾದಿಗೆ ವರ್ಗವಾಗಿದೆ. ಸಾಮಾನು ಸಾಗಿಸಲು ಮೂರು ಕಡೆ ವಿಚಾರಿಸಿದೆ, ಮೂರೂ ಕಡೆ ಬೇರೆ ಬೇರೆ ದರ. ಒಬ್ಬನಂತೂ ‘ನೀವು ಕೊಡುವುದು ಕೊಡಿ, ಬಿಲ್ಲು ಎಷ್ಟಕ್ಕೆ ಬೇಕು ಹೇಳಿ’ ಎಂದ. ಸರಕಾರ ಎಷ್ಟು ಕೊಡುತ್ತದೆ? ಯಾರನ್ನು ನಂಬುವುದು?
— ನಿವೃತ್ತ ಮೇಸ್ಟ್ರು, ಕಾರ್ಕಳ

ಮೇಸ್ಟ್ರೇ, ಆ ಕೊನೆಯವನನ್ನು ಇವತ್ತೇ ಕೈಬಿಡಿ. ಉಳಿದ ಇಬ್ಬರ ಬಗ್ಗೆ ಆಮೇಲೆ ನೋಡೋಣ.

ಮೊದಲು ಲೆಕ್ಕ. ಏಳನೇ ವೇತನ ಆಯೋಗದ ನಂತರ 2017ರಲ್ಲಿ ಬಂದ ನಿಯಮದಲ್ಲಿ ಎರಡು ಭಾಗ ಉಂಟು. ಒಂದು, ಕಾಂಪೊಸಿಟ್ ಟ್ರಾನ್ಸ್‌ಫರ್ ಗ್ರಾಂಟ್. ವರ್ಗವಾದ ಸ್ಥಳ 20 ಕಿ.ಮೀ.ಗಿಂತ ದೂರ ಇದ್ದರೆ ಕೊನೆಯ ತಿಂಗಳ ಮೂಲ ವೇತನದ ಶೇ. 80. ನಿಮ್ಮ ಮಗನ ಮೂಲ ವೇತನ 29,600 ಎಂದಿಟ್ಟುಕೊಂಡರೆ 23,680 ರೂಪಾಯಿ. ಕಟ್ಟುವುದು, ಬಿಚ್ಚುವುದು, ಹಮಾಲಿ, ಹೊಸ ಮನೆಯ ಪರದೆ–ಬಕೆಟ್ಟು ಎಂದು ಕೈಬಿಟ್ಟು ಹೋಗುವ ಸಣ್ಣ ಖರ್ಚುಗಳೆಲ್ಲ ಅದರಲ್ಲಿ. ಎರಡನೆಯದು ಸಾಮಾನು ಸಾಗಾಟ. ನಾಯಕ್ ಇರುವ ನಾಲ್ಕನೇ ವೇತನ ಲೆವೆಲ್‌ಗೆ 1,500 ಕೆ.ಜಿ. ಮಿತಿ, ರಸ್ತೆಯಲ್ಲಿ ಹೋದರೆ ಆಗ ಕಿ.ಮೀ.ಗೆ 15 ರೂಪಾಯಿ ಇತ್ತು. ಹವಾಲ್ದಾರರಿಗೆ 3,000 ಕೆ.ಜಿ., 25 ರೂಪಾಯಿ. ನಾಯಬ್ ಸುಬೇದಾರರಿಂದ ಮೇಲಕ್ಕೆ 6,000 ಕೆ.ಜಿ., 50 ರೂಪಾಯಿ. ತುಟ್ಟಿಭತ್ಯೆ ಶೇ. 50 ಏರಿದಾಗಲೆಲ್ಲ ಈ ಕಿಲೋಮೀಟರ್ ದರವನ್ನು ಶೇ. 25 ಏರಿಸಬೇಕೆಂದೂ ಆ ಆದೇಶದಲ್ಲೇ ಇದೆ. 2024ರಲ್ಲಿ ಅದು ಶೇ. 50 ಮುಟ್ಟಿದೆ, ಹಾಗಾಗಿ ಹೊರಡುವ ಮೊದಲು ಯುನಿಟ್ಟಿನ ಕ್ಲರ್ಕ್ ಬಾಬು ಹತ್ತಿರ ಈಗಿನ ದರ ಬರೆಸಿಕೊಳ್ಳಿ. ಸಾವಿರ ಕಿ.ಮೀ. ದಾರಿಗೆ ಹಳೆ ದರದಲ್ಲೇ ನಾಯಕ್‌ಗೆ 15,000, ಹವಾಲ್ದಾರರಿಗೆ 25,000 ಆಗುತ್ತದೆ. ಇದು ಮಿತಿ ಮಾತ್ರ. ನಿಜವಾಗಿ ಖರ್ಚಾದದ್ದು ಅದಕ್ಕಿಂತ ಕಮ್ಮಿ ಇದ್ದರೆ ಖರ್ಚಾದಷ್ಟೇ ಸಿಗುವುದು.

ಬಿಲ್ಲು ಉಬ್ಬಿಸುವವರು ಹೊಟ್ಟೆ ಹೊರೆಯುವುದು ಈ ಕೊನೆಯ ಸಾಲಿನ ಮೇಲೆ. ಸಾಮಾನು ಹೋದದ್ದು ಗೂಡ್ಸ್ ಟೆಂಪೋದಲ್ಲಿ, ಬಿಲ್ಲು ದೊಡ್ಡ ಲಾರಿಗೆ. ಬರೆದ ಲಾರಿ ನಂಬರನ್ನು ಲೆಕ್ಕಪತ್ರದವರು ಕಂಪ್ಯೂಟರಿಗೆ ಹಾಕಿದರೆ ಅದು ಯಾರದೋ ಸ್ಕೂಟರಿನದ್ದು! ಇಂಥ ಕತೆಗಳನ್ನು ಕಾಲನಿಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ದುಡ್ಡು ವಾಪಸು ಕಟ್ಟಿದರೆ ಮುಗಿಯಿತು ಎಂದುಕೊಳ್ಳಬೇಡಿ, ಸೈನಿಕನ ಮೇಲೆ ಶಿಸ್ತುಕ್ರಮ ಆಗುತ್ತದೆ, ಪ್ರಮೋಶನ್ನು ನಿಲ್ಲುತ್ತದೆ. ಬಿಲ್ಲು ಕೊಟ್ಟವನು ಆ ಹೊತ್ತಿಗೆ ಬೋರ್ಡು ಬದಲಾಯಿಸಿರುತ್ತಾನೆ.

ಉಳಿದಿಬ್ಬರಲ್ಲಿ ಯಾರು ಮನೆಗೆ ಬಂದು ಸಾಮಾನು ನೋಡಿ ದರ ಹೇಳಿದರು? ಫೋನಿನಲ್ಲೇ ಅಗ್ಗಕ್ಕೆ ಒಪ್ಪಿದವನು ನಡುದಾರಿಯಲ್ಲಿ ‘ಸಾಮಾನು ಜಾಸ್ತಿ ಉಂಟು’ ಎಂದು ಲಾರಿ ನಿಲ್ಲಿಸಿ ದುಡ್ಡು ಕೇಳುವುದು ಈ ವ್ಯಾಪಾರದ ಹಳೇ ಚಾಳಿ. ನಮ್ಮ ಪಕ್ಕದ ಕ್ವಾರ್ಟರ್ಸಿನವರ ಸಾಮಾನನ್ನು ಒಬ್ಬ ಸಾಗಾಟದವ ಹೀಗೆ ಗೋದಾಮಿನಲ್ಲಿಟ್ಟು ಸತಾಯಿಸಿದಾಗ ಅವರ ಕೈಯಲ್ಲಿ ಇದ್ದದ್ದು ಒಂದು ವಿಸಿಟಿಂಗ್ ಕಾರ್ಡು ಮಾತ್ರ. ಆದ್ದರಿಂದ ವಸ್ತುಗಳ ಪಟ್ಟಿ, ಒಪ್ಪಿದ ಮೊತ್ತ, ತಲುಪಿಸುವ ದಿನ ಇಷ್ಟೂ ಬರಹದಲ್ಲಿ ಇರಬೇಕು. ಮುಂಗಡ ಸ್ವಲ್ಪವೇ ಕೊಡಿ, ಅದೂ ಬ್ಯಾಂಕಿನ ಮೂಲಕ. ಲಾರಿ ಹೊರಡುವಾಗ ಬಿಲ್ಟಿ, ಅಂದರೆ ಸಾಗಾಟದವನು ಕೊಡುವ ಸರಕಿನ ರಸೀದಿ, ಕೈಗೆ ಬರಬೇಕು. ಅದರಲ್ಲಿ ಲಾರಿ ನಂಬರು, ಎಲ್ಲಿಂದ ಎಲ್ಲಿಗೆ, ತೂಕ ಕಾಣಬೇಕು. ವೇಬ್ರಿಡ್ಜಿನಲ್ಲಿ ತೂಕ ಮಾಡಿಸಿದ ಚೀಟಿ, ಜಿಎಸ್‌ಟಿ ನಂಬರಿರುವ ಬಿಲ್ಲು, ಹಣ ಸಂದ ರಸೀದಿ ಇವನ್ನೂ ಒಂದೇ ಫೈಲಿನಲ್ಲಿಟ್ಟರೆ ಮಗನ ಕ್ಲೇಮಿಗೆ ಯಾರೂ ಆಕ್ಷೇಪ ಬರೆಯಲಾರರು.

ಪಾರ್ಟ್ ಲೋಡ್, ಅಂದರೆ ಬೇರೆಯವರ ಸಾಮಾನಿನ ಜೊತೆ ಕಳಿಸುವುದು, ಅಗ್ಗ, ನಿಜ. ಆದರೆ ಸಾಮಾನು ನಡುವೆ ಗೋದಾಮಿನಲ್ಲಿ ಇಳಿದು ಬೇರೆ ಲಾರಿ ಹತ್ತುತ್ತದೆ, ಒಡೆಯುವುದೆಲ್ಲ ಅಲ್ಲೇ. ಗಾಜು, ಮರದ ಸಾಮಾನು ಹೆಚ್ಚಿದ್ದರೆ ಸಣ್ಣದಾದರೂ ಪೂರ್ತಿ ಗಾಡಿ ಮಾಡಿ. ಮಳೆಗಾಲದಲ್ಲಿ ಟರ್ಪಾಲು ಹೊದೆಸಿದ ಲಾರಿ ಬೇಡ, ಮುಚ್ಚಿದ ಕಂಟೇನರೇ ಆಗಬೇಕು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಲಾರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಮ್ಮ ಜಿಲ್ಲೆಯವರಿಗೆ ಬೇರೆ ಹೇಳಬೇಕಾ? ಉತ್ತರ ಭಾರತದ ಕಡೆ ಹೋಗುವವರಿಗೆ ಇನ್ನೊಂದು ಉಪಾಯ: ರಾಜಸ್ಥಾನದಿಂದ ಮಾರ್ಬಲ್ ಹೇರಿಕೊಂಡು ಬಂದ ಲಾರಿಗಳು ಖಾಲಿ ವಾಪಸಾಗಲು ಇಷ್ಟಪಡುವುದಿಲ್ಲ. ಬಂದರಿನ ಕಡೆಯ, ಬೈಕಂಪಾಡಿಯ ಲಾರಿ ಏಜೆಂಟರಲ್ಲಿ ರಿಟರ್ನ್ ಗಾಡಿ ಕೇಳಿದರೆ ಬಾಡಿಗೆ ಇಳಿಯುತ್ತದೆ. ಬಿಲ್ಟಿಯ ಷರತ್ತು ಮಾತ್ರ ಅಲ್ಲೂ ಬಿಡಬೇಡಿ.

ಎರಡು ಸಣ್ಣ ಮಾತು. ‘ಇ–ವೇ ಬಿಲ್ಲಿಗೆ’ (ಸರಕು ಸಾಗಾಟದ ಜಿಎಸ್‌ಟಿ ಚೀಟಿ) ಎಂದು ಯಾರಾದರೂ ಬೇರೆ ದುಡ್ಡು ಕೇಳಿದರೆ ಕೊಡಬೇಡಿ, ಬಳಸಿದ ಮನೆ ಸಾಮಾನಿಗೆ ಜಿಎಸ್‌ಟಿ ನಿಯಮದಲ್ಲೇ ಅದರಿಂದ ವಿನಾಯಿತಿ ಉಂಟು. ಇನ್ನು ವಸ್ತು ಒಡೆದರೆ ಅಥವಾ ಕಳೆದರೆ ಫೋನಿನಲ್ಲಿ ಕೂಗಾಡಿ ಸುಮ್ಮನಾಗಬೇಡಿ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ದಾವೆ ಹೂಡಬೇಕಾದರೆ ಅದಕ್ಕೆ ಮೊದಲು, ಬುಕ್ ಮಾಡಿದ ದಿನದಿಂದ 180 ದಿನದೊಳಗೆ, ಸಾಗಾಟದವನಿಗೆ ಲಿಖಿತ ನೋಟಿಸ್ ಹೋಗಿರಬೇಕು.

ಅತ್ತೆ ಕೊಟ್ಟ ಕಡೆಯುವ ಕಲ್ಲು ಉಂಟು. ಪಠಾಣ್‌ಕೋಟಿಗೆ ಕೊಂಡುಹೋಗಲೇಬೇಕು ಎನ್ನುತ್ತಾರೆ. ಉಪ್ಪಿನಕಾಯಿ ಭರಣಿಯೂ ಇದೆ.
— ಹೊಸ ಮದುಮಗಳು, ಮೂಲ್ಕಿ

ಕಲ್ಲು ಊರಲ್ಲೇ ಇರಲಿ ಮಗಾ. ಅತ್ತೆಗೆ ‘ನಿಮ್ಮ ಕಲ್ಲಿಗೆ ಅಲ್ಲಿನ ನೆಲ ತಡೆಯುವುದಿಲ್ಲವಂತೆ’ ಎಂದು ಹೇಳು. ಎರಡನೇ ಮಹಡಿಯ ಕ್ವಾರ್ಟರ್ಸಾದರೆ ಹೊರುವ ಹಮಾಲಿಯ ಶಾಪವೂ ತಗಲುತ್ತದೆ. ಟಿಲ್ಟಿಂಗ್ ಗ್ರೈಂಡರ್ ಸಾಕು.

ಭರಣಿ ಲಾರಿಗೆ ಬೇಡ. ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ, ಬಾಯಿಗೆ ಬಟ್ಟೆ ಬಿಗಿದು ರೈಲಿನಲ್ಲಿ ನಿನ್ನ ಕಾಲ ಹತ್ತಿರವೇ ಇಟ್ಟುಕೋ. ಕುಚ್ಚಲಕ್ಕಿ ಒಂದು ಮೂಟೆ ಖಂಡಿತ ಹೇರು, ಮೊದಲ ಚಳಿಗಾಲದಲ್ಲಿ ಬಿಸಿ ಗಂಜಿ ಇಲ್ಲದೆ ಅಳು ಬರುತ್ತದೆ. ಹುಳ ಹತ್ತದಂತೆ ಒಣಮೆಣಸು, ಬೇವಿನ ಸೊಪ್ಪು ಹಾಕು. ತೆಂಗಿನಕಾಯಿಯನ್ನು ಸುಲಿಯದೆ ಒಯ್ದರೆ ತಿಂಗಳುಗಟ್ಟಲೆ ಇರುತ್ತದೆ. ತೆಂಗಿನೆಣ್ಣೆ ಅಲ್ಲಿ ಚಳಿಗೆ ಕಲ್ಲಾಗುತ್ತದೆ, ಅಗಲ ಬಾಯಿಯ ಡಬ್ಬಿಯಲ್ಲಿ ತುಂಬಿಸು.

ನಾನು ಗದಗ ಜಿಲ್ಲೆಯವ, ನಾಯಬ್ ಸುಬೇದಾರ್. ಝಾನ್ಸಿಯಿಂದ ಮಂಗಳೂರಿನ ಎನ್‌ಸಿಸಿಗೆ ಬರುತ್ತಿದ್ದೇನೆ. ಅಲ್ಲಿ ಕಂಟೋನ್ಮೆಂಟ್ ಇಲ್ಲ ಅಂತಾರ. ಮನೆ ಎಲ್ಲಿ ಹಿಡಿಯೂದು? ಮಕ್ಕಳ ಸಾಲಿ ಹೆಂಗ? ಮಂಗಳೂರು ಬಾಳ ತುಟ್ಟಿ ಅಂತ ಕೇಳೇನಿ.
— ಝಾನ್ಸಿಯಿಂದ ಒಬ್ಬ ಓದುಗರು

ಬನ್ನಿ ಸಾಹೇಬರೇ, ಕನ್ನಡನಾಡಿಗೇ ಬರುತ್ತಿದ್ದೀರಿ. ಆದರೆ ಮೊದಲ ತಿಂಗಳು ನಮ್ಮ ಕನ್ನಡ ಕೇಳಿ ನಿಮ್ಮ ಮಕ್ಕಳು ನಗುತ್ತಾರೆ, ನಿಮ್ಮದು ಕೇಳಿ ನಮ್ಮವರು.

ಕಂಟೋನ್ಮೆಂಟ್ ಇಲ್ಲ, ಮಿಲಿಟರಿ ಆಸ್ಪತ್ರೆಯೂ ಇಲ್ಲ. ಪಣಂಬೂರಿನಲ್ಲಿ ಕೋಸ್ಟ್ ಗಾರ್ಡ್ ಇದ್ದರೂ ಅವರ ವ್ಯವಸ್ಥೆ ಅವರಿಗೆ. ಹಾಗಾಗಿ ಬಾಡಿಗೆ ಮನೆ, ಮನೆ ಬಾಡಿಗೆ ಭತ್ಯೆ ಇದೇ ದಾರಿ. ಭತ್ಯೆಯ ಲೆಕ್ಕದಲ್ಲಿ ಮಂಗಳೂರು ‘ವೈ’ ವರ್ಗದ ನಗರ. ತುಟ್ಟಿಭತ್ಯೆ ಶೇ. 50 ಮುಟ್ಟಿದ 2024ರ ಜನವರಿಯಿಂದ ‘ವೈ’ಗೆ ಮೂಲ ವೇತನದ ಶೇ. 20, ಉಡುಪಿಯಂಥ ‘ಝಡ್’ ಊರುಗಳಿಗೆ ಶೇ. 10. ನಿಮ್ಮ ಆರನೇ ಲೆವೆಲ್ಲಿನ ಮೊದಲ ಮೆಟ್ಟಿಲು 35,400, ಅದರ ಶೇ. 20 ಅಂದರೆ 7,080. ಕದ್ರಿ, ಬಿಜೈ ಕಡೆ ಒಳ್ಳೆಯ ಫ್ಲಾಟಿಗೆ ಅದು ಸಾಲುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಮನೆಯನ್ನು ಶಾಲೆ ನೋಡಿ ಹಿಡಿಯಿರಿ, ಆಫೀಸು ನೋಡಿ ಅಲ್ಲ. ಮಂಗಳೂರಿನಲ್ಲಿ ಎರಡು ಕೇಂದ್ರೀಯ ವಿದ್ಯಾಲಯ. ಒಂದನೇ ನಂಬರಿನದು ಉತ್ತರಕ್ಕೆ ಪಣಂಬೂರಿನಲ್ಲಿ, ಎರಡನೆಯದು ದಕ್ಷಿಣಕ್ಕೆ ಪಂಪ್‌ವೆಲ್ ದಾಟಿ ಎಕ್ಕೂರಿನಲ್ಲಿ. ಎರಡೂ ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಲ್ಲೇ. ಮಕ್ಕಳಿಗೆ ಎಲ್ಲಿ ಸೀಟು ಸಿಗುತ್ತದೆ ಎಂದು ತಿಳಿದ ಮೇಲೆ ಪಣಂಬೂರಾದರೆ ಕುಳಾಯಿ, ಸುರತ್ಕಲ್ ಕಡೆ, ಎಕ್ಕೂರಾದರೆ ಜೆಪ್ಪಿನಮೊಗರು, ತೊಕ್ಕೊಟ್ಟಿನ ಕಡೆ ಹುಡುಕಿ. ಬಾಡಿಗೆಯೂ ಪೇಟೆಗಿಂತ ಹಗುರ. ನೀವು ಹೇಗೂ ಸಿಟಿ ಬಸ್ಸಿನಲ್ಲಿ ಹೋಗುತ್ತೀರಿ. ನಮ್ಮ ಬಸ್ಸಿನವರ ಓಟ ಕಂಡು ಹೆದರದಿದ್ದರೆ ಆಯಿತು, ಗಡಿ ಕಡೆಯ ಫೀಲ್ಡ್‌ನಲ್ಲಿ ಇದ್ದು ಬಂದವರಿಗೆ ಅದೇನು ಮಹಾ.

ಗದಗಿನವರು ಮನೆ ನೋಡುವಾಗ ಬಿಸಿಲು ತಡೆಯುತ್ತದೆಯೇ ಎಂದು ನೋಡುತ್ತಾರೆ. ಇಲ್ಲಿ ಮಳೆ ತಡೆಯುತ್ತದೆಯೇ ಎಂದು ನೋಡಬೇಕು. ಪಡುವಣ ಗೋಡೆಯ ಒಳಮೈ ಮುಟ್ಟಿ ನೋಡಿ, ಸುಣ್ಣ ಉದುರಿದ್ದರೆ ಮಳೆಗಾಲದಲ್ಲಿ ಆ ಕೋಣೆಯಲ್ಲಿ ಬಟ್ಟೆ ಕಪಾಟು ಇಡುವಂತಿಲ್ಲ. ಹಂಚಿನ ಮನೆ ತಂಪು, ಬಾಡಿಗೆಯೂ ಕಮ್ಮಿ. ಆದರೆ ಒಡೆದ ಹಂಚನ್ನು ಮೇ ತಿಂಗಳೊಳಗೆ ಯಾರು ಬದಲಿಸುತ್ತಾರೆ ಎಂದು ಮಾಲೀಕರಿಂದ ಬಾಯಿಬಿಡಿಸಿ. ಕೊಟ್ಟಾರ ಚೌಕಿ, ಪಂಪ್‌ವೆಲ್, ಜೆಪ್ಪಿನಮೊಗರಿನ ತಗ್ಗುಗಳಲ್ಲಿ ಜೋರು ಮಳೆಗೆ ರಸ್ತೆಯೇ ತೋಡಾಗುತ್ತದೆ. ‘ನಿಮ್ಮಲ್ಲಿ ನೀರು ನಿಲ್ಲುತ್ತದಾ?’ ಎಂದು ಮಾಲೀಕರನ್ನಲ್ಲ, ಎದುರಿನ ಗೂಡಂಗಡಿಯವರನ್ನು ಕೇಳಿ. ಬಾವಿ ಇದ್ದರೆ ಬೇಸಿಗೆಯಲ್ಲಿ ನೀರು ಉಪ್ಪಾಗುತ್ತದೆಯೇ ಎಂದೂ ವಿಚಾರಿಸಿ. ನದಿಯ ಹಿನ್ನೀರಿನ ಹತ್ತಿರದ ಬಾವಿಗಳಲ್ಲಿ ಅದು ಮಾಮೂಲು. ನಗರಕ್ಕೆ ಕುಡಿಯುವ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಬರುತ್ತದೆ, ಮಳೆ ತಡವಾದ ವರ್ಷ ಪಾಲಿಕೆಯವರು ದಿನ ಬಿಟ್ಟು ದಿನ ಕೊಟ್ಟದ್ದೂ ಉಂಟು. ಇಷ್ಟು ಮಳೆ ಬೀಳುವ ಊರಲ್ಲಿ ನೀರಿಗೆ ಬರವೇ ಎಂದು ನಿಮಗೆ ಆಶ್ಚರ್ಯವಾಗಬಹುದು, ನಮಗೂ ಪ್ರತಿ ಏಪ್ರಿಲಿನಲ್ಲಿ ಹೊಸದಾಗಿ ಆಗುತ್ತದೆ.

ಕರಾರು ಪತ್ರ ಇಲ್ಲೂ ಎಲ್ಲ ಕಡೆಯಂತೆ ಹನ್ನೊಂದು ತಿಂಗಳಿಗೆ. ಅದರಲ್ಲಿ ಒಂದು ಸಾಲು ನೀವೇ ಹೇಳಿ ಸೇರಿಸಿ: ‘ಬಾಡಿಗೆದಾರರಿಗೆ ಸೇನೆಯಿಂದ ವರ್ಗಾವಣೆ ಆದೇಶ ಬಂದಲ್ಲಿ ಒಂದು ತಿಂಗಳ ನೋಟಿಸಿನ ಮೇಲೆ ಮನೆ ಬಿಡಬಹುದು, ಮುಂಗಡದಲ್ಲಿ ಕಡಿತ ಮಾಡುವಂತಿಲ್ಲ.’ ಮಿಲಿಟರಿಯವರೆಂದರೆ ನಮ್ಮ ಕಡೆಯ ಮಾಲೀಕರಿಗೆ ಗೌರವ ಇದೆ, ಬಾಡಿಗೆ ತಪ್ಪುವುದಿಲ್ಲ ಎಂಬ ನಂಬಿಕೆ ಅದಕ್ಕೆ ಕಾರಣ. ಆ ಗೌರವ ಬಿಸಿ ಇರುವಾಗಲೇ ಈ ಸಾಲು ಬರೆಸಿಕೊಳ್ಳಬೇಕು. ಮೀನಿನ ವಿಷಯವನ್ನೂ ಮೊದಲೇ ಮಾತಾಡಿ. ಕೆಲವರು ‘ಸಸ್ಯಾಹಾರಿಗಳಿಗೆ ಮಾತ್ರ’ ಎನ್ನುತ್ತಾರೆ. ನೀವು ಸಸ್ಯಾಹಾರಿಯಾಗಿದ್ದರೆ ಪಕ್ಕದ ಮನೆಯ ಬೂತಾಯಿ ಗಸಿಯ ಪರಿಮಳ ನಿಮಗೆ ಅಭ್ಯಾಸವಾಗಬೇಕು. ಮಿಲಿಟರಿ ಕ್ಯಾಂಟೀನ್ ಇಲ್ಲೂ ಉಂಟು, ಝಾನ್ಸಿಯಿಂದ ಸೋಪಿನ ಪೆಟ್ಟಿಗೆ ಹೊರಬೇಡಿ. ಕಬ್ಬಿಣದ ಮಂಚವನ್ನೂ ಅಲ್ಲೇ ಮಾರಿಬಿಡಿ, ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ನಮ್ಮ ಮಗನಿಗೆ ಕುಟುಂಬ ಕರೆದೊಯ್ಯಲಾಗದ ಫೀಲ್ಡ್ ಪೋಸ್ಟಿಂಗ್ ಬಂದಿದೆ. ಸೊಸೆ, ಮೊಮ್ಮಗಳು ಪುಣೆಯ ಕ್ವಾರ್ಟರ್ಸಿನಲ್ಲಿದ್ದಾರೆ. ಇಲ್ಲಿ ಮನೆ ದೊಡ್ಡದು, ಇರುವುದು ನಾವಿಬ್ಬರೇ. ಊರಿಗೇ ಬನ್ನಿ ಅಂದರೆ ಸೊಸೆ ಎಸ್‌ಎಫ್ (ಸೆಪರೇಟೆಡ್ ಫ್ಯಾಮಿಲಿ) ಕ್ವಾರ್ಟರ್ಸ್ ಸಿಗುತ್ತದೆ, ಅಲ್ಲೇ ಇರುತ್ತೇನೆ ಎನ್ನುತ್ತಾಳೆ. ನಾವಿರುವಾಗ ಅವಳು ಒಬ್ಬಳೇ ಇರುವುದೆಂದರೆ ಜನ ಎಂತ ಹೇಳಿಯಾರು?
— ಒಬ್ಬ ಅಮ್ಮ, ಕುಂದಾಪುರ

ಜನ ಮಿಲಿಟರಿ ಕಾಲನಿ ನೋಡಿಲ್ಲ ಅಕ್ಕ, ಅದಕ್ಕೆ ಹಾಗೆ ಹೇಳುತ್ತಾರೆ. ಗಂಡಂದಿರು ಗಡಿಯಲ್ಲಿರುವ ಹೆಂಗಸರು, ಮಕ್ಕಳು ಒಟ್ಟಿಗೆ ಇರಲಿ ಎಂದೇ ಸೇನೆ ಈ ಮನೆಗಳನ್ನು ಇಟ್ಟಿರುವುದು. ಗೇಟಿನಲ್ಲಿ ಕಾವಲು, ಹತ್ತಿರದಲ್ಲೇ ಆಸ್ಪತ್ರೆ, ಶಾಲೆಗೆ ಬಸ್ಸು. ಮಗುವಿಗೆ ರಾತ್ರಿ ಜ್ವರ ಬಂದರೆ ಬಾಗಿಲು ತಟ್ಟಲು ಹತ್ತು ಮನೆ. ನಾನೂ ಹಾಗೆ ಇದ್ದವಳೇ. ಗಂಡ ಫೀಲ್ಡ್‌ನಲ್ಲಿದ್ದಾಗ ಅತ್ತೆಯ ಮನೆಯಲ್ಲಿ ನೆಂಟಳಂತೆ ಇರುವುದಕ್ಕಿಂತ, ಅದೇ ಕಷ್ಟದಲ್ಲಿರುವ ನಾಲ್ಕು ಹೆಂಗಸರ ನಡುವೆ ಇರುವುದು ನನಗೆ ಹಗುರವೆನಿಸುತ್ತಿತ್ತು. ಇದನ್ನು ನಮ್ಮ ಅತ್ತೆಯವರಿಗೆ ಹೇಳುವ ಧೈರ್ಯ ಆಗ ಇರಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಸೊಸೆಗೇ ಮನಸ್ಸಾಗಿ ಊರಿಗೆ ಬಂದರೆ ತೊಂದರೆಯೇನಿಲ್ಲ. ಫೀಲ್ಡ್‌ಗೆ ಹೋದವರ ಕುಟುಂಬ ತಾನು ಆರಿಸಿಕೊಂಡ ಊರಿಗೆ ಹೋದರೆ, ಕೇಂದ್ರೀಯ ವಿದ್ಯಾಲಯದ ಟಿ.ಸಿ. ಇರುವ ಮಗುವಿಗೆ ಆ ಊರಿನ ಕೇಂದ್ರೀಯ ವಿದ್ಯಾಲಯದಲ್ಲಿ ಸೇರ್ಪಡೆ ಸಿಗುತ್ತದೆ. ಉಡುಪಿಯಲ್ಲಿ ಒಂದಿದೆ, ಆದರೆ ಕುಂದಾಪುರದಿಂದ ಮಗು ದಿನಾ ಅಷ್ಟು ದೂರ ಹೋಗಿಬರಬೇಕು, ಅದನ್ನು ಯೋಚಿಸಿ. ಕುಟುಂಬ ಎಲ್ಲಿರುತ್ತದೆ ಎಂಬುದನ್ನು ಮಗ ಯುನಿಟ್ಟಿಗೆ ಬರೆದುಕೊಟ್ಟು ಪಾರ್ಟ್ ಟು ಆರ್ಡರ್ (ದಾಖಲೆಗೆ ಸೇರಿಸುವ ಯುನಿಟ್ಟಿನ ಆದೇಶ) ಮಾಡಿಸಿಯೇ ಫೀಲ್ಡ್‌ಗೆ ಹೋಗಬೇಕು. ಹೋದ ಮೇಲೆ ಅಲ್ಲಿಂದ ಕಾಗದ ಓಡಿಸುವುದು ಬಲು ಕಷ್ಟ. ಯಾವುದು ಆದರೂ ಬೇಸಿಗೆ ರಜೆಯಲ್ಲಿ ಮೊಮ್ಮಗಳು ನಿಮ್ಮಲ್ಲೇ ಇರುತ್ತಾಳಲ್ಲ, ಹಲಸು–ಮಾವಿನ ಕಾಲವೂ ಅದೇ.

ಬೆಳಗಾವಿಯ ಕ್ವಾರ್ಟರ್ಸ್ ಬಿಡುತ್ತಿದ್ದೇವೆ. ಹಿಂದಿನವರು ಒಡೆದ ಗಾಜಿಗೂ ನಮ್ಮ ಹತ್ತಿರವೇ ದುಡ್ಡು ಹಿಡಿಯುತ್ತಾರಂತೆ, ಹೌದಾ?
— ಪುತ್ತೂರಿನ ಹುಡುಗಿ, ಸದ್ಯ ಬೆಳಗಾವಿ

ಮನೆಗೆ ಬಂದ ದಿನದ ಮಾರ್ಚ್ ಇನ್ ಪಟ್ಟಿಯಲ್ಲಿ ಆ ಗಾಜು ಒಡೆದಿದೆ ಎಂದು ಬರೆಸಿದ್ದರೆ ಹಿಡಿಯುವುದಿಲ್ಲ. ಬರೆಸದಿದ್ದರೆ ಬ್ಯಾರಕ್ ಡ್ಯಾಮೇಜ್, ಅಂದರೆ ಮನೆಗೆ ಮಾಡಿದ ಹಾನಿ, ಎಂದು ನಿಮ್ಮ ಯಜಮಾನರ ಹೆಸರಿಗೇ ಬೀಳುತ್ತದೆ. ಈಗ ಉಳಿದಿರುವ ದಾರಿ: ಮಾರ್ಚ್ ಔಟ್‌ಗೆ ಮೊದಲೇ ಎಂಇಎಸ್ ಕಂಪ್ಲೇಂಟ್ ಪುಸ್ತಕದಲ್ಲಿ ಬರೆಸಿ ದುರಸ್ತಿ ಮಾಡಿಸುವುದು, ಆಗದಿದ್ದರೆ ಬೆಳಗಾವಿ ಪೇಟೆಯಿಂದಲೇ ಗಾಜು ತಂದು ಕೂರಿಸುವುದು. ಕಡಿತಕ್ಕಿಂತ ಅದು ಅಗ್ಗ. ಮೊಳೆ ಕಿತ್ತು ತೂತುಗಳಿಗೆ ಪುಟ್ಟಿ ಹಚ್ಚಿ. ಬಾಡಿಗೆಗೆ ಪಡೆದ ಮೇಜು, ಮಂಚ, ಫ್ಯಾನುಗಳನ್ನು ಪಟ್ಟಿ ಹಿಡಿದು ಎಣಿಸಿ ಒಪ್ಪಿಸಿ. ಕರೆಂಟಿನ ಮೀಟರ್ ಓದಿದ ಅಂಕಿಯ ಫೋಟೋ ತೆಗೆದುಕೊಳ್ಳಿ. ಖಾಲಿ ಮನೆಯ ಪ್ರತಿ ಕೋಣೆಯದ್ದೂ ಇರಲಿ. ಬಾಕಿ ಇಲ್ಲ ಎಂಬ ಸರ್ಟಿಫಿಕೇಟ್ ಕೈಗೆ ಬಂದ ಮೇಲೆಯೇ ರೈಲು ಹತ್ತಿ. ಇಲ್ಲವಾದರೆ ಮುಂದಿನ ಸ್ಟೇಷನ್ನಿನ ಸಂಬಳದಲ್ಲಿ ಬೆಳಗಾವಿಯ ಬಾಡಿಗೆ ಕಡಿತವಾಗುತ್ತಾ ಹೋಗುತ್ತದೆ.

ಪುಟ್ಟಿ ಹಚ್ಚುವ ಕೆಲಸ ಗಂಡನದ್ದು. ನೀವು ಮಾಡಬೇಡಿ.

ನನ್ನ ಬಳಿ ಕೆಎ–20 ಕಾರು ಮತ್ತು ಸ್ಕೂಟರ್ ಇದೆ. ಡೆಹ್ರಾಡೂನ್‌ಗೆ ಒಯ್ಯಲೇ, ಮಾರಲೇ?
— ಹವಾಲ್ದಾರ್, ಉಡುಪಿ

ಸ್ಕೂಟರ್ ಒಯ್ಯಿರಿ, ಕಾರು ಮಾರಿ. ಐದನೇ ಲೆವೆಲ್‌ವರೆಗೆ ಸರಕಾರ ಸಾಗಾಟದ ಖರ್ಚು ಕೊಡುವುದು ದ್ವಿಚಕ್ರ ವಾಹನಕ್ಕೆ ಮಾತ್ರ, ಕಾರಿನ ಸೌಲಭ್ಯ ಆರನೇ ಲೆವೆಲ್ಲಿನಿಂದ ಮೇಲಕ್ಕೆ. ಸ್ಕೂಟರನ್ನು ಮಂಗಳೂರು ಸೆಂಟ್ರಲ್ ಪಾರ್ಸೆಲ್ ಕಚೇರಿಯಲ್ಲಿ ಕೊಡುವಾಗ ಪೆಟ್ರೋಲ್ ಪೂರ್ತಿ ಖಾಲಿಯಾಗಿರಬೇಕು. ಆರ್‌ಸಿ, ವಿಮೆ, ಗುರುತಿನ ಚೀಟಿಯ ನಕಲು ಬೇಕು. ಗೋಣಿ ಸುತ್ತಿಸಿ, ಕನ್ನಡಿಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ.

ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಹನ ಇಟ್ಟರೆ ಅಲ್ಲಿಯ ನಂಬರು ಮಾಡಿಸಬೇಕು. ಅದಕ್ಕೆ ಉಡುಪಿ ಆರ್‌ಟಿಒದಿಂದ ಎನ್‌ಒಸಿ ಈಗಲೇ ತೆಗೆದುಕೊಳ್ಳಿ, ಆಮೇಲೆ ಅದಕ್ಕಾಗಿ ರಜೆ ಹಾಕಿ ಬರಬೇಕಾದೀತು. ಮುಂದೆ ಹೊಸ ಗಾಡಿ ತೆಗೆದುಕೊಳ್ಳುವಾಗ 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರನ್ನೇ ಕೇಳಿ. ರಕ್ಷಣಾ ಪಡೆಯವರಿಗೆ ಅದು ಸಿಗುತ್ತದೆ, ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು, ಊರು ಬದಲಾದರೂ ನಂಬರು ಬದಲಾಗುವುದಿಲ್ಲ.